ಕಾಲೇಜಿನ ಹೆಸರೋ, ಮಕ್ಕಳ ಬದುಕೋ?

ಪಿಯುಸಿ ಫಲಿತಾಂಶ ಹೊರಬೀಳುತ್ತಲೇ ಮಲೆನಾಡಿನ ನಮ್ಮ ಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಕೊಪ್ಪದ ಪೇಟೆಯಲ್ಲಿ ಅಂಗಡಿ ಇಟ್ಟವರಿರಲಿ, ಶೃಂಗೇರಿಯಲ್ಲಿ ಅಡಿಕೆ ವ್ಯಾಪಾರ ಮಾಡುವವರಿರಲಿ, ನರಸಿಂಹರಾಜಪುರದ ಕೂಲಿಕಾರರಿರಲಿ, ಎಲ್ಲರ ಪ್ರಶ್ನೆಯೂ ಒಂದೇ: ಮಗುವನ್ನು ಯಾವ ಕಾಲೇಜಿಗೆ ಸೇರಿಸಬೇಕು? ಪ್ರಶ್ನೆ ಸರಿಯಾದುದೇ. ಆದರೆ ಅದಕ್ಕೆ ನಾವು ಉತ್ತರ ಹುಡುಕುವ ಬಗೆ ಸರಿಯೇ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಮಗನ ವಿಷಯ ಬಂದಾಗ ನಾವು ವಿಚಾರಿಸುವುದು ಕಾಲೇಜಿನ ಹೆಸರನ್ನು. ಮಂಗಳೂರಿನದ್ದೋ, ಬೆಂಗಳೂರಿನದ್ದೋ, ಮಣಿಪಾಲದ್ದೋ ಎಂದು ಕೇಳುತ್ತೇವೆ. ಮಗಳ ವಿಷಯ ಬಂದಾಗ ವಿಚಾರಿಸುವುದು ನಮ್ಮದೇ ಹೆಸರನ್ನು. ಊರಿನವರು ಏನೆಂದಾರು, ನಾಳೆ ಸಂಬಂಧ ಕೇಳಿಕೊಂಡು ಬರುವವರು ಏನೆಂದಾರು ಎಂಬ ಚಿಂತೆ ನಮ್ಮನ್ನು ಕಾಡುತ್ತದೆ. ಎರಡೂ ಸಂದರ್ಭಗಳಲ್ಲಿ ಹೆಸರಿಗೆ ಸ್ಥಾನವಿದೆ. ಆದರೆ ಆ ಮಗು ಮೂರು ವರ್ಷ ಅಲ್ಲಿ ಹೇಗೆ ಬದುಕುತ್ತದೆ, ಏನು ಓದುತ್ತದೆ, ಯಾರ ಜೊತೆ ಕುಳಿತು ಕಲಿಯುತ್ತದೆ ಎಂಬ ಪ್ರಶ್ನೆಗೆ ಸ್ಥಾನವಿಲ್ಲ. ನಮ್ಮ ದೃಷ್ಟಿಯಲ್ಲಿ ಇದೇ ಮೊದಲನೆಯ ಪ್ರಶ್ನೆಯಾಗಬೇಕಿತ್ತು.

ಹೆಸರು ಎಂದರೇನು? ಅದು ಇತರರು ನುಡಿಯುವ ಸಾಕ್ಷ್ಯ. ಸಾಕ್ಷಿಯ ಮಾತನ್ನು ಕೇಳಬೇಕು. ಆದರೆ ಸಾಕ್ಷಿ ಯಾರು, ಅವನು ಕಂಡದ್ದೇನು ಎಂಬುದನ್ನು ಪರೀಕ್ಷಿಸದೆ ತೀರ್ಪು ನೀಡಬಾರದು. ಕಾಲೇಜುಗಳ ವಿಷಯದಲ್ಲಿ ನಮ್ಮ ಸಾಕ್ಷಿಗಳು ಹೆಚ್ಚಾಗಿ ಜಾಹೀರಾತು ಫಲಕಗಳು, ಕಮಿಶನ್ ಪಡೆಯುವ ಏಜೆಂಟರು ಮತ್ತು ಮದುವೆಮನೆಯಲ್ಲಿ ಸಿಗುವ ನೆಂಟರು. ಇವರಲ್ಲಿ ಎಷ್ಟು ಮಂದಿ ಆ ಕಾಲೇಜಿನ ಗ್ರಂಥಾಲಯದೊಳಗೆ ಹೋಗಿ ನೋಡಿದ್ದಾರೆ?

ಕೇಂದ್ರ ಸರಕಾರವು 2016ರಿಂದ ಎನ್‌ಐಆರ್‌ಎಫ್ ಎಂಬ ಹೆಸರಿನಲ್ಲಿ ವಿದ್ಯಾಸಂಸ್ಥೆಗಳ ಶ್ರೇಯಾಂಕ ಪಟ್ಟಿ ಪ್ರಕಟಿಸುತ್ತಿದೆ. ವಿಶ್ವವಿದ್ಯಾನಿಲಯಗಳನ್ನು ಅಳೆಯುವಾಗ ಅದು 100ರಲ್ಲಿ 30ನ್ನು ಬೋಧನೆ ಮತ್ತು ಕಲಿಕೆಯ ಸೌಲಭ್ಯಗಳಿಗೆ, 30ನ್ನು ಸಂಶೋಧನೆಗೆ, 20ನ್ನು ಪದವೀಧರರ ಫಲಿತಾಂಶಕ್ಕೆ, 10ನ್ನು ಎಲ್ಲ ವರ್ಗದವರ ಒಳಗೊಳ್ಳುವಿಕೆಗೆ ಮೀಸಲಿಟ್ಟಿದೆ. ಜನಾಭಿಪ್ರಾಯಕ್ಕೆ, ಅಂದರೆ ನಾವು ಹೆಸರು ಎನ್ನುವುದಕ್ಕೆ, ದೊರೆತಿರುವುದು ಉಳಿದ 10 ಮಾತ್ರ. ಸರಕಾರದ ಪಟ್ಟಿ ಹತ್ತನೆಯ ಒಂದು ಪಾಲು ಕೊಟ್ಟದ್ದಕ್ಕೆ ನಮ್ಮ ಮನೆಗಳಲ್ಲಿ ಪೂರ್ಣಾಂಕ ದೊರೆಯುತ್ತಿದೆ. ಇನ್ನು ಆ ಪಟ್ಟಿಯಾದರೂ ಸಂಸ್ಥೆಗಳು ತಾವೇ ಒದಗಿಸುವ ಮಾಹಿತಿಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಹಾಸ್ಟೆಲಿನ ನೀರು, ಸಂಜೆಯ ಕೊನೆಯ ಬಸ್ಸು, ಹುಡುಗಿಯೊಬ್ಬಳು ದೂರು ಕೊಟ್ಟರೆ ಪ್ರಾಂಶುಪಾಲರು ನಡೆದುಕೊಳ್ಳುವ ರೀತಿ, ಇವು ಯಾವ ಪಟ್ಟಿಯಲ್ಲೂ ಕಾಣಿಸವು.

ನ್ಯಾಕ್ ಶ್ರೇಣಿಯ ಬಗೆಗೂ ಇದೇ ಮಾತು. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಈ ಸಂಸ್ಥೆಯ ಶ್ರೇಣಿಗೆ ಬೆಲೆಯಿದೆ, ಅದನ್ನು ಖಂಡಿತ ನೋಡಬೇಕು. ಆದರೆ 2025ರ ಫೆಬ್ರವರಿಯಲ್ಲಿ, ಆಂಧ್ರಪ್ರದೇಶದ ಸಂಸ್ಥೆಯೊಂದಕ್ಕೆ ಉತ್ತಮ ಶ್ರೇಣಿ ನೀಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಸಿಬಿಐ ಬಂಧಿಸಿತು. ಫಲಕದ ಮೇಲಿನ ಅಕ್ಷರವನ್ನೇ ಕೊನೆಯ ಮಾತೆಂದು ನಂಬಲಾಗದು ಎಂಬುದಕ್ಕೆ ಇಷ್ಟು ಸಾಕು.

ಹೆಸರಿಗೂ ಮಾನ್ಯತೆಗೂ ವ್ಯತ್ಯಾಸವಿದೆ ಎಂಬುದನ್ನೂ ಮರೆಯಬಾರದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ನಾಡಿನಾದ್ಯಂತ ಪರಿಚಿತ ಹೆಸರು. ಹಾಗಿದ್ದೂ 2013-14ನೇ ಸಾಲಿನಿಂದ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿದಾಗ ಸಾವಿರಾರು ವಿದ್ಯಾರ್ಥಿಗಳು ಕೈಯಲ್ಲಿ ಅಂಕಪಟ್ಟಿ ಹಿಡಿದು ಬೀದಿಯಲ್ಲಿ ನಿಂತರು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು. ಕಳೆದ ವರ್ಷಗಳು ಮರಳಲಿಲ್ಲ. ಆದುದರಿಂದ ಮಗುವನ್ನು ಎಲ್ಲಿಗೆ ಕಳುಹಿಸುವುದಾದರೂ ಆ ಕೋರ್ಸಿಗೆ ಆ ವರ್ಷ ಮಾನ್ಯತೆ ಇದೆಯೇ ಎಂಬುದನ್ನು ಯುಜಿಸಿಯ ಪಟ್ಟಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ತಂದೆ-ತಾಯಿಯ ಕರ್ತವ್ಯ.

ಈಗ ನಮ್ಮ ಮೂರು ತಾಲೂಕುಗಳತ್ತ ಬರೋಣ. ಇಲ್ಲಿನ ಸರಕಾರಿ ಪದವಿ ಕಾಲೇಜುಗಳೂ ಶೃಂಗೇರಿಯ ಜೆಸಿಬಿಎಂ ಕಾಲೇಜೂ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿವೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜು ಮತ್ತು ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜು ಕೂಡ ಅದೇ ವಿಶ್ವವಿದ್ಯಾನಿಲಯದವು. ಅಂದರೆ ಮನೆಯ ಪಕ್ಕದ ಕಾಲೇಜಿನಲ್ಲಿ ಬಿ.ಎ. ಅಥವಾ ಬಿ.ಕಾಂ. ಮುಗಿಸಿದವರಿಗೂ ಜಿಲ್ಲಾ ಕೇಂದ್ರದಲ್ಲಿ ಕೋಣೆ ಬಾಡಿಗೆ ಹಿಡಿದು ಮುಗಿಸಿದವರಿಗೂ ದೊರೆಯುವ ಪದವಿ ಪತ್ರದ ಮೇಲಿನ ಹೆಸರು ಒಂದೇ. ಕೇವಲ ಹೆಸರಿಗಾಗಿ ದೂರ ಕಳುಹಿಸುವವರು ಯಾವುದಕ್ಕೆ ಹಣ ಕೊಡುತ್ತಿದ್ದೇವೆ ಎಂದು ಒಮ್ಮೆ ಯೋಚಿಸಬೇಕು.

ಹಾಗೆಂದು ಹತ್ತಿರದ್ದೆಲ್ಲ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ. ಸರಕಾರಿ ಕಾಲೇಜುಗಳಲ್ಲಿ ಶುಲ್ಕ ಕಡಿಮೆ, ಆದರೆ ಪಾಠದ ದೊಡ್ಡ ಭಾರ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿದಾಗ ಅನೇಕ ಕಾಲೇಜುಗಳಲ್ಲಿ ಪಾಠಗಳು ಸ್ಥಗಿತಗೊಂಡವು. ಅವರ ಬೇಡಿಕೆ ನ್ಯಾಯವಾದುದೇ. ಆದರೆ ನಷ್ಟ ಅನುಭವಿಸಿದ್ದು ಬೇರೆಲ್ಲೂ ಹೋಗಲಾಗದ ಬಡವರ ಮಕ್ಕಳು. ಆದುದರಿಂದ ನಮ್ಮ ಮಗು ಆಯ್ದುಕೊಳ್ಳುವ ವಿಷಯಕ್ಕೆ ಖಾಯಂ ಉಪನ್ಯಾಸಕರು ಎಷ್ಟು ಮಂದಿ, ಕಳೆದ ವರ್ಷ ಎಷ್ಟು ತಿಂಗಳು ಪಾಠ ನಡೆಯಿತು ಎಂದು ಕೇಳುವುದು ಅವಿನಯವಲ್ಲ, ಹಕ್ಕು.

ಮಲೆನಾಡಿನಲ್ಲಿ ವಿದ್ಯಾರ್ಥಿ ಜೀವನವೆಂಬುದು ಬಸ್ಸಿನಿಂದ ಆರಂಭವಾಗುತ್ತದೆ. ಈ ಮಾತನ್ನು ಬಯಲುಸೀಮೆಯವರು ನಂಬಲಿಕ್ಕಿಲ್ಲ. ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಮೂರು ದಶಕಗಳ ಕಾಲ ಈ ಭಾಗದ ಮಕ್ಕಳನ್ನು ರಿಯಾಯಿತಿ ಪಾಸಿನಲ್ಲಿ ಶಾಲೆ-ಕಾಲೇಜಿಗೆ ತಲುಪಿಸಿತು. ನಷ್ಟದ ಭಾರ ತಾಳಲಾರದೆ 2020ರ ಫೆಬ್ರವರಿಯಲ್ಲಿ ಅದರ ಬಸ್ಸುಗಳು ನಿಂತವು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ನೀಡಿದೆಯಾದರೂ ಅದು ಸರಕಾರಿ ಬಸ್ಸುಗಳಿಗೆ ಮಾತ್ರ. ಖಾಸಗಿ ಬಸ್ಸುಗಳನ್ನೇ ನೆಚ್ಚಿಕೊಂಡ ಹಳ್ಳಿಗಳ ಹುಡುಗಿಯರಿಗೆ ಅದರ ಫಲ ಅಷ್ಟಾಗಿ ದಕ್ಕಿಲ್ಲ. ಜುಲೈ ತಿಂಗಳ ಮಳೆಯಲ್ಲಿ, ಬೆಳಗ್ಗೆ ಏಳಕ್ಕೆ ಹೊರಟು ಸಂಜೆ ಏಳಕ್ಕೆ ಮನೆ ಸೇರುವ ಮಗು ಓದುವುದು ಯಾವಾಗ? ಅಂತಹ ಮಗುವಿಗೆ ಹತ್ತಿರದ ಕಾಲೇಜಿಗಿಂತ ಒಳ್ಳೆಯ ಹಾಸ್ಟೆಲ್ ಇರುವ ದೂರದ ಕಾಲೇಜೇ ಲೇಸು. ದೂರ-ಹತ್ತಿರವನ್ನು ಕಿಲೋಮೀಟರಿನಲ್ಲಲ್ಲ, ಓದಲು ಉಳಿಯುವ ಗಂಟೆಗಳಲ್ಲಿ ಅಳೆಯಬೇಕು.

ಈ ಮಣ್ಣಿನಲ್ಲೇ ಇದಕ್ಕೊಂದು ನಿದರ್ಶನವಿದೆ. ಯಾರ ಹೆಸರನ್ನು ಆ ವಿಶ್ವವಿದ್ಯಾನಿಲಯ ಹೊತ್ತಿದೆಯೋ ಆ ಕುವೆಂಪು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ ಮುಂದೆ 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು. ಮಹಾರಾಜಾ ಕಾಲೇಜಿನ ಹೆಸರು ದೊಡ್ಡದಾಗಿತ್ತು, ನಿಜ. ಆದರೆ ಅವರನ್ನು ರೂಪಿಸಿದ್ದು ಆ ಹೆಸರಲ್ಲ. ಟಿ.ಎಸ್. ವೆಂಕಣ್ಣಯ್ಯನವರಂತಹ ಗುರು ಅಲ್ಲಿದ್ದರು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ತರುಣನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದು ಬುದ್ಧಿ ಹೇಳಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಊರಿನಲ್ಲಿ ಸಿಕ್ಕರು. ವಾಸಕ್ಕೆ ರಾಮಕೃಷ್ಣಾಶ್ರಮದ ಶಿಸ್ತಿನ ನೆಲೆ ಒದಗಿತು. ಗುರು, ಸಹವಾಸ, ನೆಲೆ ಈ ಮೂರೂ ಸೇರಿದ್ದನ್ನೇ ನಾವು ವಿದ್ಯಾರ್ಥಿ ಜೀವನ ಎನ್ನುತ್ತೇವೆ.

ಇಸ್ಲಾಮಿನ ವಿದ್ಯಾ ಪರಂಪರೆಗೂ ಇದು ಹೊಸ ಮಾತಲ್ಲ. ಹಿಂದಿನ ಕಾಲದಲ್ಲಿ ವಿದ್ಯಾರ್ಥಿಗೆ ಇಜಾಝತ್ ನೀಡುತ್ತಿದ್ದುದು ಕಟ್ಟಡವಲ್ಲ, ಗುರು. ಅದೂ ತನ್ನ ಸ್ವಂತ ಹೆಸರಿನಲ್ಲಿ, ತಾನು ಕಲಿಸಿದ ಗ್ರಂಥಕ್ಕೆ. ಇಮಾಮ್ ಶಾಫಿಈ(ರ) ಮಕ್ಕಾದಿಂದ ಮದೀನಾಕ್ಕೆ ಹೊರಟದ್ದು ಯಾವುದೋ ಪ್ರಸಿದ್ಧ ಸಂಸ್ಥೆಯನ್ನು ಅರಸಿಯಲ್ಲ, ಇಮಾಮ್ ಮಾಲಿಕ್(ರ)ರನ್ನು ಅರಸಿ. ವಿದ್ವಾಂಸರ ಚರಿತ್ರೆ ಬರೆದವರು ಅವನು ಯಾರಲ್ಲಿ ಓದಿದ ಎಂಬುದನ್ನು ತಪ್ಪದೆ ದಾಖಲಿಸಿದರು. ನಾವು ಎಲ್ಲಿ ಓದಿದ ಎಂದು ಮಾತ್ರ ಕೇಳಿ ಸುಮ್ಮನಾಗುತ್ತಿದ್ದೇವೆ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. 2022ರ ಜನವರಿಯಲ್ಲಿ ಕೊಪ್ಪ ತಾಲೂಕಿನ ಬಾಳಗಡಿಯ ಸರಕಾರಿ ಪದವಿ ಕಾಲೇಜಿನಲ್ಲಿ ತಲೆವಸ್ತ್ರದ ವಿರುದ್ಧ ಕೆಲವು ವಿದ್ಯಾರ್ಥಿಗಳು ಕೇಸರಿ ಶಾಲು ಧರಿಸಿ ಬಂದ ಸುದ್ದಿ ರಾಜ್ಯವನ್ನೇ ತಲುಪಿತು. ಅಲ್ಲಿ ಪೋಷಕರ ಸಭೆ ಕರೆದು ವಿಷಯವನ್ನು ಚರ್ಚಿಸಲಾಯಿತು. ಮುಂದೆ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಇವೆಲ್ಲ ಓದುಗರಿಗೆ ತಿಳಿದದ್ದೇ. ಆ ವರ್ಷ ರಾಜ್ಯದ ಬೇರೆ ಕಡೆಗಳಲ್ಲಿ ವಿದ್ಯಾರ್ಥಿನಿಯರು ಗೇಟಿನ ಹೊರಗೆ ನಿಂತ ದೃಶ್ಯಗಳನ್ನು ನಾವು ಕಂಡೆವು. ಒಂದು ಕಾಲೇಜಿನ ನಿಜವಾದ ಗುಣ ತಿಳಿಯುವುದು ವಾರ್ಷಿಕೋತ್ಸವದ ದಿನವಲ್ಲ, ಇಂತಹ ದಿನ. ಅಂದು ಅಧ್ಯಾಪಕರು ಮಕ್ಕಳ ಜೊತೆ ಮಾತನಾಡಿದರೇ, ಸಹಪಾಠಿಗಳು ಮಾತು ನಿಲ್ಲಿಸಿದರೇ, ಪರೀಕ್ಷೆಗೆ ದಾರಿ ಮಾಡಿಕೊಟ್ಟರೇ ಎಂಬುದನ್ನು ಆಗ ಓದುತ್ತಿದ್ದವರನ್ನೇ ಕೇಳಿ ತಿಳಿಯಬೇಕು.

ಆದರೆ ಇನ್ನೊಂದು ಕಹಿ ಸತ್ಯವೂ ಇದೆ. 2022ಕ್ಕೂ ಮೊದಲೇ ಎಷ್ಟೋ ಹುಡುಗಿಯರನ್ನು ಕಾಲೇಜಿನ ಗೇಟು ತಡೆದಿರಲಿಲ್ಲ, ಮನೆಯ ಹೊಸ್ತಿಲು ತಡೆದಿತ್ತು. ವಾತಾವರಣ ಸರಿಯಿಲ್ಲ ಎಂಬ ಒಂದೇ ಮಾತಿನಲ್ಲಿ ಮಗಳ ಓದು ಮುಗಿಯುತ್ತದೆ. ಅದೇ ವಾತಾವರಣಕ್ಕೆ ಮಗನನ್ನು ಯಾವ ಅಳುಕೂ ಇಲ್ಲದೆ ಕಳುಹಿಸಲಾಗುತ್ತದೆ. ವಾತಾವರಣ ಕೆಟ್ಟದ್ದಾಗಿದ್ದರೆ ಅದು ಗಂಡುಮಗನಿಗೂ ಕೆಟ್ಟದ್ದಲ್ಲವೇ? ಅವನ ಚಾರಿತ್ರ್ಯಕ್ಕೆ ಬೆಲೆಯಿಲ್ಲವೇ? ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬರು, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರು ಎಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿದಾಗ ನಾವು ಸರಕಾರವನ್ನು ಪ್ರಶ್ನಿಸಿದೆವು. ಪ್ರಶ್ನಿಸಲೇಬೇಕಿತ್ತು. ಆ ಲೆಕ್ಕದಲ್ಲಿ ನಮ್ಮ ಹೊಸ್ತಿಲುಗಳ ಪಾಲೆಷ್ಟು ಎಂದು ನಮ್ಮನ್ನು ನಾವು ಪ್ರಶ್ನಿಸಿಕೊಂಡದ್ದು ಕಡಿಮೆ.

ಆದುದರಿಂದ ನಮ್ಮ ಸಲಹೆ ಸರಳವಾದುದು. ಮಗ-ಮಗಳು ಇಬ್ಬರಿಗೂ ಒಂದೇ ಅಳತೆಗೋಲು ಇರಲಿ. ಪ್ರವೇಶಕ್ಕೆ ಮೊದಲು, ಸಮಾರಂಭವಿಲ್ಲದ ಸಾಮಾನ್ಯ ದಿನವೊಂದರಲ್ಲಿ, ಮಗುವನ್ನೂ ಕರೆದುಕೊಂಡು ಕಾಲೇಜಿಗೆ ಹೋಗಬೇಕು. ಮಧ್ಯಾಹ್ನ ಮೂರು ಗಂಟೆಗೆ ಗ್ರಂಥಾಲಯದಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ನೋಡಬೇಕು. ನಮ್ಮದೇ ತಾಲೂಕಿನ ಎರಡನೆಯ ವರ್ಷದ ವಿದ್ಯಾರ್ಥಿಯನ್ನು ಹುಡುಕಿ ಊಟ, ನೀರು, ವಾರ್ಡನ್ನರ ಬಗ್ಗೆ ಕೇಳಬೇಕು. ರ‍್ಯಾಗಿಂಗ್ ತಡೆ ಸಮಿತಿ ಮತ್ತು ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರುಗಳು ಗೋಡೆಯ ಮೇಲಿವೆಯೇ ಎಂದು ನೋಡಬೇಕು. ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲೇ ನಿಯಮ ರೂಪಿಸಿದೆ. 1800-180-5522 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ ಮಗುವಿನ ಬಳಿ ಇರಲಿ. ಜುಮಾ ನಮಾಝಿಗೆ ಬಿಡುವು ದೊರೆಯುವುದೇ ಎಂದು ಸೌಜನ್ಯದಿಂದ ವಿಚಾರಿಸಬೇಕು. ನಮ್ಮವರೇ ಇರುವ ಕಾಲೇಜನ್ನು ಹುಡುಕುವುದಕ್ಕಿಂತ ಎಲ್ಲ ಸಮುದಾಯಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಸ್ನೇಹದಿಂದ ಓದುವ ಕಾಲೇಜನ್ನು ಹುಡುಕುವುದು ಹೆಚ್ಚು ವಿವೇಕದ ಕೆಲಸ.

ಇನ್ನು ಹಣದ ಲೆಕ್ಕ. ತೋಟ ಅಡವಿಟ್ಟು, ತಾಯಿಯ ಬಂಗಾರ ಮಾರಿ ದೊಡ್ಡ ಹೆಸರಿನ ಸೀಟು ಖರೀದಿಸುವ ಮೊದಲು, ಆ ಮೊತ್ತದಲ್ಲಿ ಇನ್ನಿಬ್ಬರು ಮಕ್ಕಳ ಓದು ಸಾಗುವುದೇ ಎಂದು ಯೋಚಿಸಬೇಕು. ಆ ಇನ್ನಿಬ್ಬರಲ್ಲಿ ಹೆಚ್ಚಾಗಿ ಒಬ್ಬಳು ಹುಡುಗಿಯಾಗಿರುತ್ತಾಳೆ. ಮಗನ ಸೀಟಿಗೆ ಬಂಗಾರ ಕೊಟ್ಟ ಮನೆ, ಮಗಳ ಓದಿಗೆ ಹಣವಿಲ್ಲವೆಂದು ಹೇಳುವುದು ನ್ಯಾಯವಲ್ಲ.

ಜಮಾಅತ್ ಕಮಿಟಿಗಳೂ ಇಲ್ಲಿ ಒಂದು ಹೊಣೆ ಹೊರಬಹುದು. ಮೂರು ತಾಲೂಕುಗಳಿಂದ ಹೊರಗೆ ಹೋಗಿ ಓದುತ್ತಿರುವ ನಮ್ಮ ಹುಡುಗ-ಹುಡುಗಿಯರನ್ನು ವರ್ಷಕ್ಕೊಮ್ಮೆ, ಪ್ರವೇಶದ ಋತುವಿಗೆ ಮೊದಲು, ಒಂದೆಡೆ ಸೇರಿಸಿ ಅವರ ಅನುಭವವನ್ನು ಪೋಷಕರಿಗೆ ಕೇಳಿಸಿದರೆ ಏಜೆಂಟರ ಮಾತಿಗೆ ಕಿವಿಗೊಡುವವರು ತಾನಾಗಿ ಕಡಿಮೆಯಾಗುತ್ತಾರೆ. ಇದಕ್ಕೆ ಖರ್ಚಾಗುವುದು ಒಂದು ಭಾನುವಾರ, ಒಂದಿಷ್ಟು ಚಹಾ.

ನರಸಿಂಹರಾಜಪುರಕ್ಕೆ ಹಿಂದೆ ಎಡೇಹಳ್ಳಿ ಎಂಬ ಹೆಸರಿತ್ತು. ಹೆಸರು ಬದಲಾಯಿತು, ಮಳೆ, ಮಣ್ಣು, ಜನ ಬದಲಾಗಲಿಲ್ಲ. ಕಾಲೇಜುಗಳ ಹೆಸರೂ ಹಾಗೆಯೇ ಏರುತ್ತದೆ, ಇಳಿಯುತ್ತದೆ, ಬದಲಾಗುತ್ತದೆ. ಹದಿನೆಂಟರಿಂದ ಇಪ್ಪತ್ತೊಂದರ ನಡುವಿನ ಆ ಮೂರು ವರ್ಷಗಳು ಮಾತ್ರ ಮಗುವಿಗೆ ಒಮ್ಮೆ ಮಾತ್ರ ದೊರೆಯುತ್ತವೆ. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ಆ ಮೂರು ವರ್ಷಗಳ ಲೆಕ್ಕ ಕೇಳಿದಾಗ ಕಾಲೇಜಿನ ಹೆಸರನ್ನು ಉತ್ತರವಾಗಿ ಕೊಡಲು ನಮಗೆ ಸಾಧ್ಯವಾಗದು.