ಹಾಡುವವನಿಗೆ ಕುರ್ಚಿ ಯಾಕಿಲ್ಲ?

ಅಣ್ಣಾಭಾವು ಸಾಠೆ ಎಂದರೆ ‘ಹೌದು ಹೌದು, ಆ ಲಾವಣಿ ಕಟ್ಟಿ ಹಾಡುತ್ತಿದ್ದನಲ್ಲ’ ಎನ್ನುವ ವಿದ್ವಾಂಸರು ನಮ್ಮ ಕಡೆಯೂ ಇದ್ದಾರೆ, ಮರಾಠಿಯಲ್ಲಂತೂ ಬೇಕಾದಷ್ಟು ಮಂದಿ. ಸುಮಾರು 35 ಕಾದಂಬರಿ, ಕಥಾಸಂಕಲನಗಳು, ಲೋಕನಾಟ್ಯಗಳು, ರಷ್ಯಾದ ಪ್ರವಾಸಕಥನ, ಇಷ್ಟೆಲ್ಲ ಬರೆದ ಮನುಷ್ಯನನ್ನು ಈ ಒಂದೇ ಮಾತಿನಲ್ಲಿ ಅಂಗಳಕ್ಕೆ ಕಳಿಸಿಬಿಡುತ್ತಾರೆ. ಹಾಡು ಅಂಗಳದ್ದು, ಕಾದಂಬರಿ ನಡುಮನೆಯದು. ಅಂಗಳದಲ್ಲಿ ನಿಂತವನು ಒಳಗೆ ಬಂದು ಕೂತರೆ ಮೈಲಿಗೆ. ನಮ್ಮಪ್ಪಂದಿರನ್ನು ಹೊಸ್ತಿಲ ಆಚೆ ನಿಲ್ಲಿಸಿದ ಅದೇ ಬುದ್ಧಿ ಇಲ್ಲಿ ವಿಮರ್ಶೆಯ ಪಂಚೆ ಉಟ್ಟುಕೊಂಡು ಬಂದಿದೆ, ಅಷ್ಟೆ.

ತುಕಾರಾಮ ಭಾವುರಾವ್ ಸಾಠೆ ಹುಟ್ಟಿದ್ದು 1920ರ ಆಗಸ್ಟ್ 1ರಂದು, ಇಂದಿನ ಸಾಂಗ್ಲಿ ಜಿಲ್ಲೆಯ ವಾಟೇಗಾವದಲ್ಲಿ. ಜಾತಿ ಮಾಂಗ, ನಮ್ಮ ಮಾದಿಗರಿಗೆ ಹತ್ತಿರದ್ದೆಂದು ತಿಳಿಯಿರಿ. ಹಗ್ಗ ಹೊಸೆಯೋದು, ಊರು ಕಾಯೋದು, ಮದುವೆಗೆ ಜಾತ್ರೆಗೆ ಹಲಗಿ ಬಾರಿಸೋದು. ಊರಿಗೆ ಇವರ ವಾದ್ಯ ಬೇಕು, ಇವರು ಬೇಡ. ಸಾಲದ್ದಕ್ಕೆ ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದು ಹುಟ್ಟುತ್ತಲೇ ಕಳ್ಳರೆಂದು ಕೆಲವು ಜಾತಿಗಳನ್ನು ಪಟ್ಟಿ ಮಾಡಿದರಲ್ಲ, ಮಾಂಗರೂ ಅದರ ಬಲೆಗೆ ಬಿದ್ದರು. ದಿನಾ ಹಾಜರಿ. ಕೂಗಿದಾಗ ‘ಇದ್ದೀನಿ’ ಅನ್ನದಿದ್ದರೆ ಲಾಠಿ.

ಈ ಹುಡುಗ ಶಾಲೆಗೆ ಹೋದದ್ದು ಒಂದೂವರೆ ದಿನ ಎಂದು ಹೇಳುತ್ತಾರೆ. ಮಾಸ್ತರರ ಹೊಡೆತಕ್ಕೆ ಬಿಟ್ಟನಂತೆ. ನಮ್ಮ ಪತ್ರಿಕೆ ಓದುವ ಹಳ್ಳಿಯ ಮೇಷ್ಟ್ರುಗಳು ಈ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಲಿ. ಆಮೇಲೆ ಅಪ್ಪನ ಜೊತೆ ಕಾಲ್ನಡಿಗೆಯಲ್ಲಿ ಮುಂಬಯಿ. ಕೂಲಿ, ಗಿರಣಿ, ಸಿಕ್ಕ ಸಿಕ್ಕ ಕೆಲಸ. ಅಂಗಡಿಯ ಬೋರ್ಡು, ಸಿನೆಮಾ ಪೋಸ್ಟರು ನೋಡಿ ಅಕ್ಷರ ಕಲಿತ. ಪೇಟಿ, ಢೋಲಕಿ ಕೈಗೆ ಬಂದವು. ನೆಂಟರ ತಮಾಷಾ ಮೇಳದಲ್ಲಿ ಸೇರಿ ಹಾಡಿದ. ಕೆಂಬಾವುಟದವರ ಸಂಗ ಆಯಿತು. 1944ರಲ್ಲಿ ಅಮರ ಶೇಖ್ ಮತ್ತು ದತ್ತಾ ಗವಾಣಕರ ಜೊತೆಗೂಡಿ ಲಾಲ್ ಬಾವಟಾ ಕಲಾಪಥಕ ಕಟ್ಟಿದ. ಒಬ್ಬ ಮಾಂಗ, ಒಬ್ಬ ಮುಸಲ್ಮಾನ, ಇನ್ನೊಬ್ಬ ಗವಾಣಕರ. ಆ ಕಾಲದ ಮುಂಬಯಿಯ ಗಿರಣಿ ಗೇಟಿನಲ್ಲಿ ಇವರ ಹಾಡು ಕೇಳದ ಕಾರ್ಮಿಕ ಇರಲಿಲ್ಲವೆಂದರೆ ತಪ್ಪಾಗಲಾರದು. ಸ್ಟಾಲಿನ್‌ಗ್ರಾಡ್ ಕಾಳಗದ ಮೇಲೆ ಪೊವಾಡ, ಬಂಗಾಳದ ಬರದ ಮೇಲೆ ಪೊವಾಡ. 1947ರ ಆಗಸ್ಟ್ 16ರಂದು, ದೇಶವೆಲ್ಲ ಸಿಹಿ ಹಂಚುತ್ತಿದ್ದಾಗ, ಇದು ಹಸಿದವರ ಸ್ವಾತಂತ್ರ್ಯವಲ್ಲ ಎಂದು ಕೂಗುವ ಮೆರವಣಿಗೆಯನ್ನು ಮುಂಬಯಿಯಲ್ಲಿ ಹೊರಡಿಸಿದ. ಕನ್ನಡದಲ್ಲಿ ಸಿದ್ಧಲಿಂಗಯ್ಯ ಆ ಸ್ವಾತಂತ್ರ್ಯದ ಲೆಕ್ಕ ಕೇಳಿದ್ದು ಎಪ್ಪತ್ತರ ದಶಕದಲ್ಲಿ. ಈತ ಮಾರನೇ ದಿನವೇ ಕೇಳಿದ್ದ.

ಸಂಗೀತದಲ್ಲಿ ಈತ ಮಾಡಿದ್ದೇನು ಅನ್ನುವುದನ್ನು ಬಿಡಿಸಿ ನೋಡಬೇಕು, ಯಾಕೆಂದರೆ ‘ಜಾನಪದ ಕಲಾವಿದ’ ಎಂಬ ಶಾಲು ಹೊದಿಸಿ ಕೈತೊಳೆದುಕೊಳ್ಳುವವರು ಇದನ್ನು ನೋಡುವುದೇ ಇಲ್ಲ. ತಮಾಷಾ ಶುರುವಾಗುವುದು ಗಣದಿಂದ, ಅಂದರೆ ಗಣಪತಿ ಸ್ತುತಿ. ಆಮೇಲೆ ಗೌಳಣ: ಕೃಷ್ಣ, ಗೊಲ್ಲತಿಯರು, ಕೀಟಲೆ. ಅಣ್ಣಾಭಾವು ಗಣಪತಿಯ ಜಾಗದಲ್ಲಿ ತಾಯಿನೆಲವನ್ನೂ ಶಿವಾಜಿಯನ್ನೂ ದುಡಿಯುವ ಜನರನ್ನೂ ತಂದು ಕೂರಿಸಿದ. ಗೌಳಣವನ್ನು ತೆಗೆದೇ ಹಾಕಿದ. ಹೆಂಗಸರ ಮೈ ತೋರಿಸಿ ಸಾಹುಕಾರರಿಂದ ದೌಲತ್‌ಜಾದಾ ಎಸೆಸಿಕೊಳ್ಳುತ್ತಿದ್ದ ಆಟವನ್ನು ಅದೇ ಸಾಹುಕಾರನ ಬಾಯಿ ಮುಚ್ಚಿಸುವ ಆಟ ಮಾಡಿದ. ಹೊಸದಾಗಿ ಗದ್ದುಗೆ ಏರಿದ್ದ ಮುಂಬಯಿ ಸರ್ಕಾರ ತಮಾಷಾಕ್ಕೆ ನಿಷೇಧ ಹಾಕಿದಾಗ, ಅದನ್ನೇ ‘ಲೋಕನಾಟ್ಯ’ ಅಂತ ಹೆಸರಿಟ್ಟು ಆಡಿದ. ಹೆಸರು ಹೊಸದು, ಢೋಲಕಿ ಅದೇ. ಪೊಲೀಸರು ಏನು ಮಾಡಿಯಾರು?

ಇಂಥವನು ಕಾದಂಬರಿ ಬರೆದರೆ ಹೇಗಿರುತ್ತದೆ? 1959ರ ‘ಫಕೀರಾ’ ನೋಡಿ. ಊರಿನ ಮಾನಕ್ಕಾಗಿ ಪಕ್ಕದೂರಿನ ಜಾತ್ರೆಯಿಂದ ಜೋಗಿಣಿ ತರಲು ಹೋಗಿ ಪ್ರಾಣ ಕೊಡುವ ಮಾಂಗ ರಾಣೋಜಿ. ಬರಗಾಲದಲ್ಲಿ ತನ್ನವರು ಹೆಣವಾಗುವುದನ್ನು ನೋಡಲಾರದೆ ಕಣಜ ಒಡೆಯುವ, ಖಜಾನೆ ಲೂಟಿ ಮಾಡುವ ಮಗ ಫಕೀರಾ. ಅವನೊಬ್ಬನಿಗಾಗಿ ಕೇರಿಗೆ ಕೇರಿಯನ್ನೇ ಸರ್ಕಾರ ಹಿಡಿದಿಟ್ಟಾಗ ತಾನಾಗಿ ಬಂದು ಕತ್ತಿ ಒಪ್ಪಿಸುವುದು. ಪಂಡಿತರ ತಕರಾರು ಏನೆಂದರೆ ಕಥೆಗೆ ಓಟ ಹೆಚ್ಚು, ನಾಯಕ ಅತಿ ಶೂರ, ಮನಸ್ಸಿನ ಸೂಕ್ಷ್ಮ ಇಲ್ಲ. ಓಟ ಹೆಚ್ಚು ಯಾಕೆಂದರೆ ಅದು ಪೊವಾಡದ ಓಟ. ಸಾವಿರಾರು ಜನರ ಮುಂದೆ ನಿಂತು, ಎಲ್ಲಿ ಜನ ಬೀಡಿ ಹಚ್ಚುತ್ತಾರೆ, ಎಲ್ಲಿ ಉಸಿರು ಹಿಡಿಯುತ್ತಾರೆ ಎಂದು ವರ್ಷಗಟ್ಟಲೆ ಕಂಡವನು ಬರೆದ ಗದ್ಯ ಅದು. ಇನ್ನು ಶೂರತನ. ಪೊಲೀಸು ದಫ್ತರಿನಲ್ಲಿ ಕಳ್ಳ ಅಂತ ಬರೆಸಿಕೊಂಡ ಜಾತಿಯ ಬಗ್ಗೆ, ಆ ಕಾಯ್ದೆ 1952ರಲ್ಲಿ ರದ್ದಾಗಿ ಏಳೇ ವರ್ಷಕ್ಕೆ, ಒಬ್ಬ ಮಾಂಗ ಪೆನ್ನು ಹಿಡಿದು ‘ನಾವು ಕಳ್ಳರಲ್ಲ ಕಣ್ರೋ’ ಎನ್ನುತ್ತಿದ್ದಾನೆ. ಅಲ್ಲಿ ನಿಮಗೆ ಸಂದಿಗ್ಧ ಬೇಕೆ? ದಫ್ತರಿಗೆ ಸಂದಿಗ್ಧ ಇತ್ತೇ? ಈತನ 35 ಕಾದಂಬರಿಗಳೂ ಒಂದೇ ತೂಕದವಲ್ಲ. ಹೊಟ್ಟೆಪಾಡಿಗೆ ಅವಸರದಲ್ಲಿ ಬರೆದವೂ ಇವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ‘ಫಕೀರಾ’ವನ್ನು ಅಳೆಯುವ ಕೋಲು ನಡುಮನೆಯಿಂದ ಬರಬಾರದು. ಆತ ಅದನ್ನು ಅರ್ಪಿಸಿದ್ದು ಬಾಬಾಸಾಹೇಬರ ಲೇಖನಿಗೆ. 1958ರಲ್ಲಿ ಮುಂಬಯಿಯ ದಲಿತ ಸಾಹಿತ್ಯ ಸಮ್ಮೇಳನದಲ್ಲಿ, ಭೂಮಿ ನಿಂತಿರುವುದು ಆದಿಶೇಷನ ಹೆಡೆಯ ಮೇಲಲ್ಲ, ದಲಿತರ, ಕಾರ್ಮಿಕರ ಅಂಗೈ ಮೇಲೆ ಎಂಬರ್ಥದ ಮಾತಾಡಿದವನೂ ಈತನೇ. ಮಾರ್ಕ್ಸನನ್ನು ಬಿಡದೆ ಅಂಬೇಡ್ಕರರನ್ನು ಹಿಡಿದ. ಇವೆರಡರಲ್ಲಿ ಒಂದನ್ನು ಆರಿಸು ಎಂದು ನಮ್ಮ ಹುಡುಗರ ತಲೆ ತಿನ್ನುವ ಎರಡೂ ಕಡೆಯ ಶಾಸ್ತ್ರಿಗಳಿಗೆ ಇದು ಹಿಡಿಸುವುದಿಲ್ಲ.

ಬೆಳಗಾವಿಯ ಮಾತು ಬಂದೇ ಬರುತ್ತದೆ, ನಾನೇ ಎತ್ತುತ್ತೇನೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಗೆ ದನಿ ಕೊಟ್ಟವರಲ್ಲಿ ಈತ ಮುಂದಿನ ಸಾಲಿನವ. ‘ಮಾಝೀ ಮೈನಾ’ ಎಂಬ ಛಕ್ಕಡ್‌ನಲ್ಲಿ, ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಕೂಲಿಯವನು ಊರಲ್ಲಿ ಉಳಿದ ಹೆಂಡತಿಯನ್ನು ನೆನೆಯುತ್ತ, ಬೆಳಗಾವಿ ಕಾರವಾರಗಳೂ ಹಾಗೆಯೇ ತನ್ನಿಂದ ಅಗಲಿವೆ ಎನ್ನುತ್ತಾನೆ. ಕನ್ನಡದವರಿಗೆ ಇದು ಚುಚ್ಚುತ್ತದೆ, ಚುಚ್ಚಲಿ. ಬೆಳಗಾವಿ ಕರ್ನಾಟಕದ್ದು, ಅದರಲ್ಲಿ ಮಾತಿಲ್ಲ. ಆದರೆ ಅದೇ ಬೆಳಗಾವಿಯ ಹಳ್ಳಿಗಳಲ್ಲಿ ಡಪ್ಪು, ತುಂತುಣಿ ಹಿಡಿದು ಗೀಗೀ ಮೇಳದವರು ಹಾಡುತ್ತಾರೆ. ಗಡಿಯಾಚೆ ಸೊಲ್ಲಿಗೆ ‘ಜೀ ಜೀ’, ಈಚೆ ‘ಗೀ ಗೀ’. ಡಪ್ಪಿನ ಚರ್ಮ ಹದ ಮಾಡಿದ ಕೈ ಎರಡು ಕಡೆಯೂ ಒಂದೇ ಕೇರಿಯದು. ಗಡಿಯ ಕಲ್ಲು ಎಲ್ಲಿ ನೆಟ್ಟರೂ ಆ ಕೇರಿ ಊರ ಹೊರಗೇ ಉಳಿಯಿತು.

ಆತನ ರಾಜ್ಯ ಆತನಿಗೆ ಕೊಟ್ಟದ್ದೇನು? 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. 1961ರಲ್ಲಿ ‘ಫಕೀರಾ’ಕ್ಕೆ ಸರ್ಕಾರದ ಬಹುಮಾನ ಬಂತು, ಕಾದಂಬರಿಗಳು ಸಿನೆಮಾ ಆದವು. ಬರೆದವನು ಮಾತ್ರ ಘಾಟಕೋಪರದ ಚಿರಾಗನಗರದ ಜೋಪಡಿಯಲ್ಲೇ ಬಹುಕಾಲ ಕಳೆದ. 1969ರ ಜುಲೈ 18ರಂದು ಬಡತನದಲ್ಲೇ ಸತ್ತ. 49 ಇನ್ನೂ ತುಂಬಿರಲಿಲ್ಲ. ಮುಂದಿನ ತಿಂಗಳೇ ಅಮರ ಶೇಖ್ ಕೂಡ ಹೋದ. 2002ರಲ್ಲಿ ಅಂಚೆಚೀಟಿ, 2020ರಲ್ಲಿ ಶತಮಾನೋತ್ಸವ, 2022ರಲ್ಲಿ ಮಾಸ್ಕೋದಲ್ಲಿ ಪ್ರತಿಮೆ. ಅಷ್ಟು ದೂರ ಹೋಗಿ ಹಾರ ಹಾಕಿದವರಲ್ಲಿ ‘ಫಕೀರಾ’ ಓದಿದವರು ಎಷ್ಟು ಮಂದಿಯೋ!

ಬೇರೆಯವರ ಮಾತು ಸಾಕು. ನಮ್ಮ ಸಂಘಟನೆಗಳ ಸಭೆಗಳನ್ನೇ ನೋಡಿ. ಜನ ಸೇರುವ ತನಕ ತಮಟೆ ಬೇಕು, ಹೋರಾಟದ ಹಾಡು ಬೇಕು. ‘ಇನ್ನೊಂದು ಹಾಡ್ರಪ್ಪಾ, ಭಾಷಣಕಾರರು ದಾರೀಲಿದ್ದಾರೆ’ ಎಂದು ಸಂಚಾಲಕರು ಕಿವಿಯಲ್ಲಿ ಹೇಳುತ್ತಾರೆ. ಭಾಷಣಕಾರ ಕಾರಿಳಿದ ಕೂಡಲೇ ಹಾಡುವವರು ವೇದಿಕೆಯ ಹಿಂದಕ್ಕೆ. ಕುರ್ಚಿ ಇರುವುದು ಚಿಂತಕರಿಗೆ. ಹಾಡಿದ ಹುಡುಗಿ ಕಥೆ ಬರೆಯುತ್ತಾಳೋ, ತಮಟೆಯವನ ಹತ್ತಿರ ಒಂದು ನೋಟ್‌ಬುಕ್ ಇದೆಯೋ ಯಾರೂ ಕೇಳುವುದಿಲ್ಲ. ಕರಪತ್ರದಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳ ಹೆಸರು ಪದವಿ ಸಮೇತ ದಪ್ಪಕ್ಷರದಲ್ಲಿ ಇರುತ್ತದೆ. ಕೆಳಗೆ ‘ಕ್ರಾಂತಿಗೀತೆಗಳು: ಕಲಾತಂಡದವರಿಂದ’. ಆ ತಂಡದವರಿಗೆ ಅಪ್ಪ ಅಮ್ಮ ಹೆಸರಿಟ್ಟಿಲ್ಲವೆ? ಮುಂದಿನ ತಿಂಗಳ ಸಭೆಯ ಕರಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ, ಸಂಚಾಲಕರೇ. ಹೆಸರು ಬರೆದುಕೊಂಡು ಬನ್ನಿ.