ಬೆಟ್ಟ ಎನ್ನಲು ಎಷ್ಟು ಎತ್ತರ ಬೇಕು?
ಈ ವಾರ ಸ್ಕಾಟ್ಲೆಂಡಿನ ಮನ್ರೊ ಬೆಟ್ಟಗಳ, ಅಂದರೆ 3,000 ಅಡಿ ಮೀರಿದ ಬೆಟ್ಟಗಳ, ಪಟ್ಟಿ ನೋಡುತ್ತಿದ್ದೆ. ಸ್ಗೂರ್ ನನ್ ಕ್ಯಾನಿಖನ್ ಬೆಟ್ಟ 2009ರಲ್ಲಿ ಅದರಿಂದ ಹೊರಬಿದ್ದಿದೆ. ಮರುಅಳತೆಯಲ್ಲಿ 3,000 ಅಡಿಗೆ ಸುಮಾರು ಒಂದು ಮೀಟರ್ ಕಡಿಮೆ ಬಂತು. ಅಳತೆಯನ್ನು ಒಪ್ಪುತ್ತೇನೆ. ಆದರೆ 1891ರಲ್ಲಿ ಹ್ಯೂ ಮನ್ರೊ ಆರ್ಡ್ನೆನ್ಸ್ ಸರ್ವೆಯ ನಕ್ಷೆಗಳನ್ನಿಟ್ಟುಕೊಂಡು ಪಟ್ಟಿ ಮಾಡಿದಾಗ ಎತ್ತರ ನೋಡುವುದು ಅರ್ಧ ಕೆಲಸ ಮಾತ್ರವಾಗಿತ್ತು. ಯಾವುದು ಸ್ವತಂತ್ರ ಬೆಟ್ಟ, ಯಾವುದು ಪಕ್ಕದ್ದರ ಉಪಶಿಖರ ಎನ್ನುವುದಕ್ಕೆ ಅವರು ಅಂಕಿಯ ನಿಯಮವನ್ನೇ ಹಾಕಲಿಲ್ಲ. ಒಂದೇ ಸೂರಿನಡಿ ಬೇರೆ ಒಲೆ ಹೂಡಿದವರನ್ನು ಊರು ಬೇರೆ ಸಂಸಾರವೆಂದು ಗುರುತಿಸುವ ಹಾಗೆ, ನಡೆದು ಬಲ್ಲ ಕಣ್ಣಿನಿಂದ ತೀರ್ಮಾನಿಸಿದರು. ಬೆಟ್ಟಗಳದೇ ಇನ್ನೊಂದು ಪಟ್ಟಿಯಾದ 1992ರ ಮ್ಯಾರಿಲಿನ್ ಪಟ್ಟಿಗೆ ಈ ತೊಡಕಿಲ್ಲ: ಸುತ್ತಲಿನ ನೆಲದಿಂದ 150 ಮೀಟರ್ ಎದ್ದು ನಿಂತರೆ ಸಾಕು, ಒಟ್ಟು ಎತ್ತರ ಎಷ್ಟೇ ಇರಲಿ. ಲೆಕ್ಕ ಅಚ್ಚುಕಟ್ಟು, ನಿಜ. ಆದರೂ ನನ್ನ ಒಲವು ಮನ್ರೊ ಕಡೆಗೇ. ಎತ್ತರವನ್ನು ಉಪಗ್ರಹ ತಿದ್ದಲಿ, ಬೆಟ್ಟ ಯಾವುದೆಂಬ ತೀರ್ಪು ಹತ್ತಿದವರದೇ ಆಗಿರಲಿ.