ಸುರಕ್ಷತೆ ಶ್ರೀಮಂತರ ಸೊತ್ತೇ?

ನಮ್ಮ ಜನರಲ್ಲಿ ಒಂದು ವಾದ ಬಲವಾಗಿ ಬೇರೂರಿದೆ. ಕಾರು ಕೊಳ್ಳುವ ಮಾತು ಬಂದಾಗಲೆಲ್ಲ, ಅದು ಸಂಘದ ಸಭಾಂಗಣವಿರಲಿ, ಕಚೇರಿಯ ಕ್ಯಾಂಟೀನಿರಲಿ, ಮದುವೆಮನೆಯ ಪಂಕ್ತಿಯಿರಲಿ, ಅದೇ ಮಾತು ಕೇಳಿಬರುತ್ತದೆ: "ಸೇಫ್ಟಿ ಗೀಫ್ಟಿ ಎಲ್ಲ ದುಡ್ಡಿದ್ದವರಿಗೆ ಸ್ವಾಮಿ. ನಮ್ಮಂಥ ಸಂಬಳದವರು ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು." ಹೀಗೆ ಹೇಳುವವರು ಅವಿವೇಕಿಗಳಲ್ಲ. ಮಕ್ಕಳ ಫೀಸು, ಮನೆಯ ಸಾಲ, ಊರಿನಲ್ಲಿರುವ ತಂದೆತಾಯಿಗಳಿಗೆ ಕಳುಹಿಸುವ ಹಣ ಎಲ್ಲವನ್ನೂ ಕೂಡಿ ಕಳೆದೇ ಹೇಳುತ್ತಾರೆ. ಆದರೂ ಈ ವಾದ ತಪ್ಪೆಂದು ಖಂಡಿತವಾಗಿ ಹೇಳಬಯಸುತ್ತೇನೆ. ಹಾಸಿಗೆ ಚಿಕ್ಕದಾದರೆ ಕಾಲು ಮಡಚಿಕೊಳ್ಳಬಹುದು. ಕಾಲನ್ನೇ ಕಡಿದುಕೊಳ್ಳಿರೆಂದು ಗಾದೆ ಹೇಳಿಲ್ಲ.

ಮೊದಲು ಸ್ವಲ್ಪ ಲೆಕ್ಕ. ಚಲಿಸುವ ವಸ್ತುವಿನ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆಂಬುದು ಪ್ರೌಢಶಾಲೆಯ ಪಾಠ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಗೋಡೆಗೆ ಬಡಿಯುವುದೂ, ಸುಮಾರು 16 ಮೀಟರ್ ಎತ್ತರದಿಂದ, ಎಂದರೆ ಐದು ಅಂತಸ್ತಿನ ಕಟ್ಟಡದ ತಾರಸಿಯಿಂದ, ನೆಲಕ್ಕೆ ಬೀಳುವುದೂ ಒಂದೇ. ವೇಗ 80ಕ್ಕೆ ಏರಿದರೆ ಅದು 25 ಮೀಟರ್, ಎಂಟು ಅಂತಸ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಭದ್ರವೆಂದು ತಿಳಿದ ತಾಯಂದಿರು ಇನ್ನೊಂದು ಲೆಕ್ಕ ಕೇಳಬೇಕು. 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ ಹತ್ತು ಕಿಲೋ ತೂಕದ ಮಗು ಸುಮಾರು 140 ಕಿಲೋ ಭಾರವಾಗಿ ಮುಂದಕ್ಕೆ ಎಳೆಯುತ್ತದೆ. ಅದನ್ನು ತಡೆದು ಹಿಡಿಯುವ ತೋಳು ಪೈಲ್ವಾನನಿಗೂ ಇಲ್ಲ.

ಈಗ ಕಾರಿನ ವಿಚಾರ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಇದೇ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ – ಏರ್‌ಬ್ಯಾಗ್ ಇಲ್ಲದ ಅಗ್ಗದ ಮಾದರಿಗಳು. ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಆದರೆ ಗಮನಿಸಬೇಕಾದ ಸಂಗತಿ ಬೇರೆಯಿದೆ. ಎರಡು ಏರ್‌ಬ್ಯಾಗ್ ಹಾಕಿದ ಪೋಲೊವನ್ನು ಮತ್ತೆ ಪರೀಕ್ಷಿಸಿದಾಗ ಅದೇ ಕಾರಿಗೆ ನಾಲ್ಕು ನಕ್ಷತ್ರ ಬಂದವು. ಆಲ್ಟೊ, ನ್ಯಾನೊ, ಐ10ಗಳ ಒಡಲೇ ಕುಸಿದಿತ್ತು. ಅವಕ್ಕೆ ಏರ್‌ಬ್ಯಾಗ್ ಹಾಕಿದ್ದರೂ ಹೆಚ್ಚು ಉಪಯೋಗವಿರಲಿಲ್ಲ. ಇದರಿಂದ ಎರಡು ಪಾಠ. ಮೊದಲನೆಯದು, ಕಾರಿನ ಒಡಲು ಗಟ್ಟಿಯಿರಬೇಕು. ಎರಡನೆಯದು, ಗಟ್ಟಿ ಒಡಲಿದ್ದ ಕಾರಿನಲ್ಲೂ ಅಗ್ಗದ ಮಾದರಿ ಕೊಂಡವನ ಜೀವಕ್ಕೆ ಸೊನ್ನೆ, ದುಬಾರಿ ಮಾದರಿ ಕೊಂಡವನ ಜೀವಕ್ಕೆ ನಾಲ್ಕು ಎಂದು ಕಂಪನಿಗಳು ತಾವೇ ಬೆಲೆ ಕಟ್ಟಿದ್ದವು.

ನ್ಯಾನೊದ ಕಥೆಯಂತೂ ಮರುಕ ಹುಟ್ಟಿಸುವಂಥದು. ಸ್ಕೂಟರಿನ ಮೇಲೆ ಇಡೀ ಸಂಸಾರ ಹೋಗುವುದನ್ನು ಕಂಡು ಅವರಿಗೆ ಹೆಚ್ಚು ಸುರಕ್ಷಿತವಾದ ವಾಹನ ಕೊಡಬೇಕೆಂಬ ಸದುದ್ದೇಶದಿಂದ ರತನ್ ಟಾಟಾ 2008ರಲ್ಲಿ ಲಕ್ಷ ರೂಪಾಯಿಯ ಕಾರನ್ನು ಜನರ ಮುಂದಿಟ್ಟರು. ಆರು ವರ್ಷಗಳ ನಂತರ ಪರೀಕ್ಷೆಯಲ್ಲಿ ಆ ಕಾರೇ ಸೊನ್ನೆ ಪಡೆಯಿತು. ಬೆಲೆಯೊಂದನ್ನೇ ಗುರಿಯಾಗಿ ಹಿಡಿದರೆ ಮೊದಲ ಉದ್ದೇಶವೇ ದಾರಿಯಲ್ಲಿ ಕಳೆದುಹೋಗುತ್ತದೆ. ಅದೇ ಟಾಟಾ ಕಂಪನಿಯ ನೆಕ್ಸಾನ್ 2018ರ ಡಿಸೆಂಬರಿನಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. ವಿದ್ಯೆ ಇಲ್ಲೇ ಇತ್ತು. ಕೇಳುವ ಗಿರಾಕಿ ಇರಲಿಲ್ಲ.

ಎದುರು ಪಕ್ಷದ ಮಾತನ್ನೂ ಆಲಿಸುವುದು ನ್ಯಾಯ. ಎಲ್ಲ ಕಾರುಗಳಿಗೂ ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಹೊರಡಿಸಿದಾಗ, ಸಣ್ಣ ಕಾರುಗಳ ಬೆಲೆ ಏರಿ ಬಡವರು ದ್ವಿಚಕ್ರ ವಾಹನದಲ್ಲೇ ಉಳಿಯುತ್ತಾರೆಂದು ದೊಡ್ಡ ಕಂಪನಿಯ ಮುಖ್ಯಸ್ಥರು ಆಕ್ಷೇಪಿಸಿದರು. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ಸವಾರರು. ಹೆಂಡತಿ, ಇಬ್ಬರು ಮಕ್ಕಳೊಡನೆ ಸ್ಕೂಟರಿನಲ್ಲಿ ಹೋಗುವವನಿಗೆ ಸಾಧಾರಣ ಕಾರೂ ಆಸರೆಯೇ. ಆದರೆ ಮುಂದೇನಾಯಿತು ನೋಡಿ. ಗಡುವನ್ನು ಒಂದು ವರ್ಷ ಮುಂದೂಡಿದ ಸರ್ಕಾರ, 2023ರ ಸೆಪ್ಟೆಂಬರಿನಲ್ಲಿ ಕಡ್ಡಾಯವೇ ಬೇಡವೆಂದು ಕೈಬಿಟ್ಟಿತು. 2025ರಲ್ಲಿ ಮಾರುತಿ ಕಂಪನಿ ಆಲ್ಟೊ ಕೆ10, ವ್ಯಾಗನ್ ಆರ್‌ಗಳಿಗೂ ತಾನಾಗಿಯೇ ಆರು ಏರ್‌ಬ್ಯಾಗ್ ಹಾಕಿತು. ಆಕಾಶವೇನೂ ಕಳಚಿ ಬೀಳಲಿಲ್ಲ. 2025ರಲ್ಲಿ ಸಾಧ್ಯವಾದದ್ದು 2023ರಲ್ಲಿ ಅಸಾಧ್ಯವಾಗಿತ್ತೆಂದು ಹೇಗೆ ನಂಬೋಣ? ನಡುವಿನ ಎರಡು ವರ್ಷ ಮಾರಾಟವಾದ ಕಾರುಗಳು ಇನ್ನೂ ಹದಿನೈದು ವರ್ಷ ರಸ್ತೆಯಲ್ಲಿ ಓಡಾಡುತ್ತವೆ.

ಇನ್ನು ನಮ್ಮ ಜೇಬಿನ ಪ್ರಶ್ನೆ. ಏಳನೆಯ ವೇತನ ಆಯೋಗದ ನಂತರ ಸರ್ಕಾರಿ ನೌಕರರಿಗೆ ಕಾರು ಮುಂಗಡ ನಿಂತುಹೋಗಿ ಬ್ಯಾಂಕ್ ಸಾಲವೇ ಗತಿಯಾಗಿದೆ. ಸುರಕ್ಷಿತ ಕಾರಿಗೆ ಐವತ್ತು ಸಾವಿರ ಹೆಚ್ಚು ಬೀಳುತ್ತದೆಂದೇ ಇಟ್ಟುಕೊಳ್ಳಿ. ಶೇಕಡಾ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 1,040 ರೂಪಾಯಿ ಹೆಚ್ಚುತ್ತದೆ. ಸಂಸಾರವೆಲ್ಲ ಒಮ್ಮೆ ಸಿನಿಮಾಕ್ಕೆ ಹೋಗಿ ಹೋಟೆಲಿನಲ್ಲಿ ಉಂಡು ಬಂದರೆ ಇಷ್ಟು ಖರ್ಚಾಗುವುದಿಲ್ಲವೇ? 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಶೇಕಡಾ 29ರಿಂದ 18ಕ್ಕೆ ಇಳಿದಿದೆ. ಉಳಿದ ಹಣ ಎಲ್ಲಿಗೆ ಹೋಗುತ್ತಿದೆ? ಷೋರೂಮಿಗೆ ಹೋದವರ ಮೊದಲ ಪ್ರಶ್ನೆ ಮೈಲೇಜ್, ಎರಡನೆಯದು ಮಾವಣಿಯ ಗಾಜಿನ ಕಿಟಕಿ, ಮೂರನೆಯದು ದೊಡ್ಡ ಪರದೆ. ಪುಣೆಯ ಬಿಸಿಲಿಗೂ ಧೂಳಿಗೂ ವರ್ಷದಲ್ಲಿ ಎಷ್ಟು ದಿನ ಆ ಕಿಟಕಿ ತೆರೆದೀರಿ? ಫ್ರಿಜ್ ಕೊಳ್ಳುವಾಗ ಕರೆಂಟು ಉಳಿಯಲೆಂದು ನಕ್ಷತ್ರ ಎಣಿಸುವವರು, ಕುಕ್ಕರಿಗೆ ಐಎಸ್‌ಐ ಗುರುತು ಹುಡುಕುವವರು, ಹೆಂಡತಿ ಮಕ್ಕಳನ್ನು ಕೂರಿಸುವ ಪೆಟ್ಟಿಗೆಗೆ ಬಣ್ಣವನ್ನಷ್ಟೇ ಆರಿಸುವುದು ಯಾವ ಜಾಣತನ?

ಹಾಗಾದರೆ ಸಂಬಳದವರು ಏನು ಮಾಡಬೇಕು? 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಜಾರಿಯಲ್ಲಿದೆ. ವಯಸ್ಕರಿಗೆ, ಮಕ್ಕಳಿಗೆ ಪ್ರತ್ಯೇಕ ನಕ್ಷತ್ರಗಳುಂಟು, ಎರಡನ್ನೂ ನೋಡಿರಿ. ಹಳೆಯ ನಕ್ಷತ್ರವನ್ನು ಹೊಸದರೊಡನೆ ತೂಗಬೇಡಿರಿ. ಗ್ಲೋಬಲ್ ಎನ್‌ಕ್ಯಾಪ್ 2022ರಲ್ಲಿ ನಿಯಮ ಬಿಗಿ ಮಾಡಿದೆ. ಇರುವ ಹಣದಲ್ಲಿ ದುರ್ಬಲ ಒಡಲಿನ ಕಾರಿನ ಮೇಲ್ದರ್ಜೆ ಮಾದರಿಗಿಂತ ಗಟ್ಟಿ ಒಡಲಿನ ಕಾರಿನ ಕೆಳದರ್ಜೆ ಮಾದರಿ ಮೇಲು. ಸ್ಟೀರಿಯೊ ಮುಂದೆ ಹಾಕಿಸಬಹುದು, ಒಡಲನ್ನು ಹಾಕಿಸಲಾಗದು. ಹಳೆಯ ಕಾರು ಕೊಳ್ಳುವವರು ತಯಾರಾದ ವರ್ಷ ವಿಚಾರಿಸಲಿ. ಎಲ್ಲ ಹೊಸ ಕಾರುಗಳಿಗೆ ಎಬಿಎಸ್ 2019ರ ಏಪ್ರಿಲಿನಿಂದ, ಚಾಲಕನ ಏರ್‌ಬ್ಯಾಗ್ ಅದೇ ಜುಲೈಯಿಂದ ಕಡ್ಡಾಯವಾಯಿತು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಬಂದದ್ದು 2022ರ ಹೊತ್ತಿಗೆ.

ದುಡ್ಡೇ ಬೇಡದ ಸುರಕ್ಷತೆಯನ್ನೂ ನಾವು ಒಲ್ಲೆವೆನ್ನುತ್ತೇವೆ; ನನ್ನ ಕೋಪ ಹೆಚ್ಚಾಗಿ ಇದರ ಮೇಲೆಯೇ. ಸೀಟ್ ಬೆಲ್ಟ್ ಕಾರಿನ ಬೆಲೆಯಲ್ಲೇ ಸೇರಿದೆ. ಬೆಲ್ಟ್ ಹಾಕದವನಿಗೆ ಏರ್‌ಬ್ಯಾಗ್ ಮಿತ್ರನಲ್ಲ, ಮುಖಕ್ಕೆ ಬಡಿಯುವ ಶತ್ರು. ಆದರೂ ಬೆಲ್ಟಿನ ಎಚ್ಚರಿಕೆ ಸದ್ದು ಅಡಗಿಸಲು ನಕಲಿ ಕೊಂಡಿ ಕೊಂಡು ಸಿಕ್ಕಿಸುವ ಜನರಿದ್ದಾರೆ! ಆ ಕೊಂಡಿಗಳನ್ನು ಮಾರದಂತೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಅಂತರ್ಜಾಲದ ಅಂಗಡಿಗಳಿಗೆ ಆದೇಶಿಸಬೇಕಾಯಿತು. ಹಿಂದಿನ ಸೀಟಿಗೆ ಬೆಲ್ಟ್ ಏಕೆನ್ನುವವರು 2022ರ ಸೆಪ್ಟೆಂಬರ್ 4ರಂದು ಪಾಲಘರ್ ಬಳಿ ನಡೆದ ಅಪಘಾತ ನೆನೆಯಲಿ. ಬೆಲೆಬಾಳುವ ಮರ್ಸಿಡಿಸ್ ಕಾರಿನ ಮುಂದಿನ ಇಬ್ಬರೂ ಬದುಕಿದರು. ಹಿಂದೆ ಬೆಲ್ಟಿಲ್ಲದೆ ಕುಳಿತಿದ್ದ ಸೈರಸ್ ಮಿಸ್ತ್ರಿ ಮತ್ತು ಅವರ ಜತೆಗಾರರು ತೀರಿಕೊಂಡರು. ಸುರಕ್ಷತೆ ಬರಿಯ ಹಣದ ಮಾತಾಗಿದ್ದರೆ ಹೀಗಾಗಬೇಕಿತ್ತೇ?

ಸರ್ಕಾರವನ್ನು ಕೇಳಬೇಕಾದದ್ದು ಎರಡೇ. ಭಾರತ್ ಎನ್‌ಕ್ಯಾಪ್ ಪರೀಕ್ಷೆ ಇಂದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ಪರೀಕ್ಷೆಗೆ ಹೆದರುವವನು ಹಾಜರಾಗದೆ ಉಳಿಯಬಹುದು. ಅದು ಕಡ್ಡಾಯವಾಗಬೇಕು, ಫ್ರಿಜ್ಜಿನಂತೆಯೇ ಕಾರಿನ ಮೇಲೂ ನಕ್ಷತ್ರದ ಚೀಟಿ ಅಂಟಿರಬೇಕು. ಜೀವ ಉಳಿಸುವ ಸಾಧನಗಳು ಎಲ್ಲ ಮಾದರಿಗಳಲ್ಲೂ ಒಂದೇ ಇರಬೇಕು.

ಆ ಕಾಯಿದೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮೇ ತಿಂಗಳಲ್ಲಿ, ದೀಪಾವಳಿಯಲ್ಲಿ ನಮ್ಮ ನೂರಾರು ಸಂಸಾರಗಳು ಖಂಬಾಟ್ಕಿ ಘಾಟಿ ಇಳಿದು ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿಯ ದಾರಿ ಹಿಡಿಯುತ್ತವೆ. ಐದು ಜನರ ಕಾರಿನಲ್ಲಿ ಏಳು ಜನ, ಹಿಂಬದಿಯ ಗಾಜಿನವರೆಗೆ ಸಾಮಾನು, ತೊಡೆಯ ಮೇಲೆ ಮಗು. ಮುಂದಿನ ರಜೆಗೆ ಮೊದಲು ಸಂಘವೇ ಒಂದು ಭಾನುವಾರ ಗೊತ್ತುಮಾಡಿ, ತಿಳಿದ ಮೆಕ್ಯಾನಿಕರೊಬ್ಬರನ್ನು ಕರೆಸಿ ಸದಸ್ಯರ ಕಾರುಗಳ ಬೆಲ್ಟು, ಟೈರು, ಮಕ್ಕಳ ಸೀಟಿನ ಕೊಂಡಿಗಳನ್ನು ಪರೀಕ್ಷಿಸಲಿ. ಊರಿನಲ್ಲಿ ಅಜ್ಜಿ ಬಾಗಿಲಲ್ಲಿ ನಿಂತು ಎಣಿಸುವುದು ಮೊಮ್ಮಕ್ಕಳನ್ನು. ಕಾರಿನ ಮಾವಣಿಯಲ್ಲಿ ಕಿಟಕಿಯಿದೆಯೇ ಎಂದು ಆಕೆ ಕೇಳುವುದಿಲ್ಲ.